ಶಿಕ್ಕಾ ಇಲ್ಲದ ಬಿಲ್ಲು

“ಸಹಿ ಇಲ್ಲ, ಶಿಕ್ಕಾ ಇಲ್ಲ, ಇದ್ಯಾವ ಬಿಲ್ಲು, ಯವ್ವಾ?” ಎಂದು ಕಲಬುರಗಿಯ ಕಾಲೇಜೊಂದರ ಹಿರಿಯ ಗುಮಾಸ್ತರು ಕಾಗದವನ್ನು ನನ್ನ ಮೊಮ್ಮಗಳ ಮೇಜಿಗೆ ಎಸೆದರು. ಅವಳು ಅಲ್ಲಿನ ಗ್ರಂಥಪಾಲಕಿ. ಅವಳನ್ನು ನೋಡಲೆಂದೇ ಕಮಲಾಪುರದಿಂದ ಹೋಗಿದ್ದ ನಾನು ಪಕ್ಕದಲ್ಲೇ ಕುಳಿತಿದ್ದೆ.

ಊರಿನ ಯಾವ ಅಂಗಡಿಯಲ್ಲೂ ಸಿಗದ ಪುಸ್ತಕವನ್ನು ಅವಳು ಪ್ರಾಚಾರ್ಯರನ್ನು ಕೇಳಿಯೇ, ತನ್ನ ಕ್ರೆಡಿಟ್ ಕಾರ್ಡಿನಿಂದ ಕಂಪ್ಯೂಟರಿನಲ್ಲಿ ದುಡ್ಡು ಕಟ್ಟಿ ತರಿಸಿದ್ದಳು. ಬಿಲ್ಲೂ ಕಂಪ್ಯೂಟರಿನಲ್ಲೇ ಅಚ್ಚಾಗಿತ್ತು. ಅಂಗಡಿಯವರ ಶಿಕ್ಕಾ, ಅಂದರೆ ಮೊಹರು, ಬೀಳುವ ತನಕ ಪುಸ್ತಕವನ್ನು ದಾಖಲೆಗೆ ಸೇರಿಸುವಂತಿಲ್ಲ, ಯಾರಿಗೂ ಕೊಡುವಂತಿಲ್ಲ ಎಂದು ಗುಮಾಸ್ತರು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಯೇಬಿಟ್ಟರು. ಆ ಪುಸ್ತಕಕ್ಕಾಗಿ ತಾಜಸುಲ್ತಾನಪುರದಿಂದ ಮೂರು ವಾರ ಅಲೆದಿದ್ದ ವಿದ್ಯಾರ್ಥಿನಿ ಎದುರಿಗೇ ನಿಂತಿದ್ದಳು. ಅವಳ ಪರೀಕ್ಷೆ ನಾಡಿದ್ದು!

ನನಗೆ ಮೈಯೆಲ್ಲಾ ಉರಿದುಹೋಯಿತು. “ಸಾಹೇಬ್ರ, ಈ ಹುಡುಗಿ ಪುಸ್ತಕ ಓದಾಕಿ ಏನ್ರೀ, ಶಿಕ್ಕಾ ಓದಾಕಿ?” ಎಂದೆ.

“ಮುತ್ಯಾ, ನಿಮಗ ಇದೆಲ್ಲಾ ತಿಳಿಯಂಗಿಲ್ಲ. ಸುಮ್ನ ಕೂಡ್ರಿ.”

ಮೊಮ್ಮಗಳು ಎದ್ದು ನಿಂತಳು. “ದಾಖಲೆ ಆಗಿಲ್ಲಂದ್ರ ಇದು ಕಾಲೇಜಿನ ಪುಸ್ತಕ ಅಲ್ರೀ ಸರ್. ನನ್ನ ಕಾರ್ಡಿನ ಮ್ಯಾಲ ಬಂದದ, ನನ್ನ ಪುಸ್ತಕ. ಚಾವಿ ಕೊಡ್ರಿ” ಎಂದಳು. ಗುಮಾಸ್ತರು ಚಾವಿಯನ್ನು ಮೇಜಿನ ಮೇಲಿಟ್ಟರು. ಅವಳು ಬೀಗ ತೆಗೆದು, ಪುಸ್ತಕವನ್ನು ಆ ಹುಡುಗಿಯ ಕೈಗಿಟ್ಟಳು.

ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಆ ಕಾರ್ಡು ಹೇಗೆ ದುಡ್ಡು ಕಟ್ಟುತ್ತದೆಯೋ ನನಗೆ ನಿಜಕ್ಕೂ ತಿಳಿಯದು. ಓದುವವಳ ಕಣ್ಣೆದುರೇ ಪುಸ್ತಕಕ್ಕೆ ಬೀಗ ಹಾಕುವುದು ಅನ್ಯಾಯ ಎಂಬುದು ಮಾತ್ರ ಚೆನ್ನಾಗಿ ತಿಳಿಯುತ್ತದೆ. ಕಮಲಾಪುರ ಮುಟ್ಟುವವರೆಗೂ ಬಸ್ಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ, “ಆಕಿ ನನ್ನ ಮೊಮ್ಮಗಳ್ರೀ!” ಎಂದು ಹೇಳುತ್ತಲೇ ಬಂದೆ.