ರೊಟ್ಟಿ ಬಟ್ಟೆಯ ಮೇಲಿನ ಎರಡು ಕೊಡೆ

ನಮ್ಮ ಮನೆಯ ರೊಟ್ಟಿ ಬುಟ್ಟಿಗೆ ಹಾಸುವ ಬಟ್ಟೆಯ ಮೇಲೆ ಎರಡು ಕೊಡೆಗಳಿವೆ. ಒಗೆದು ಒಗೆದು ಒಂದರ ಹಿಡಿಕೆ ಮಾತ್ರ ಉಳಿದಿದೆ. ಇನ್ನೊಂದು ಅಣಬೆಯಂತೆ ಕಾಣುತ್ತದೆ. ಇಂದು ಬೆಳಿಗ್ಗೆ ಬಿಸಿ ರೊಟ್ಟಿಯ ಹಬೆ ತಗುಲಿದಾಗ ಅದರಿಂದ ಹಳೆಯ ಬಣ್ಣದ ವಾಸನೆ ಬಂದಂತಾಯಿತು. ಹೆಂಡತಿ, ಮೂಗನ್ನು ಡಾಕ್ಟರರಿಗೆ ತೋರಿಸಿಕೊಳ್ಳಿ ಎಂದಳು. ಇಲ್ಲದ ವಾಸನೆ ಹುಡುಕಿ ಗಾಬರಿಯಾಗುವುದು ನನ್ನ ಹುಟ್ಟುಗುಣ, ಒಪ್ಪುತ್ತೇನೆ. ಆದರೆ ಆ ಕೊಡೆಗಳನ್ನು ಬರೆದವನು ನಾನೇ; ಆದ್ದರಿಂದ ನೀವಾದರೂ ನನ್ನನ್ನು ಸ್ವಲ್ಪ ನಂಬಿ.

ನಿಜಾಮರ ಕಾಲದಲ್ಲಿ ನಮ್ಮ ಬೀದರಿಗೂ ಭಾಲ್ಕಿಗೂ ವರ್ಷಕ್ಕೊಂದು ಹಾಕಿ ಪಂದ್ಯ ನಡೆಯುತ್ತಿತ್ತು. ಅದಕ್ಕೊಂದು ವಿಚಿತ್ರ ಪದ್ಧತಿ. ಭಾಲ್ಕಿಯ ಹನ್ನೊಂದು ಆಟಗಾರರು ನಮ್ಮ ಹನ್ನೊಂದು ಮನೆಗಳಲ್ಲಿ ಉಣ್ಣಬೇಕು. ಉಣಿಸಿದ ಮನೆಯವರು ಮೈದಾನದಲ್ಲಿ ಆ ಆಟಗಾರನ ಪರವಾಗಿಯೇ ಕೂಗಬೇಕು, ಅವನು ನಮ್ಮೂರನ್ನು ಸೋಲಿಸುತ್ತಿದ್ದರೂ. ನಮ್ಮ ಪಾಲಿಗೆ ಬರುತ್ತಿದ್ದವರು ಗೋಲ್‌ಕೀಪರ್ ಖಾಜಾಭಾಯಿ, ಪೊಲೀಸ್ ಜಮಾದಾರರು. ಮಾಂಸ ಬೇಯಿಸದ ನಮ್ಮ ಲಿಂಗವಂತರ ಮನೆಯಲ್ಲಿ ಪುಂಡಿಪಲ್ಯದ ಜೊತೆ ಐದು ರೊಟ್ಟಿ ಮುಗಿಸಿ ಹೊಟ್ಟೆ ಸವರಿಕೊಳ್ಳುತ್ತ, "ಇನ್ನ ಚೆಂಡಿಗೆ ಜಾಗಾ ಎಲ್ಲದರೀ ದಾಟಲಿಕ್ಕ?" ಎನ್ನುತ್ತಿದ್ದರು. ಅವರಿಗಾಗಿ ನಾನು ವರ್ಷಕ್ಕೊಂದು ದಿನ ಊರಿನ ದ್ರೋಹಿಯಾಗುತ್ತಿದ್ದೆ.

ಆಮೇಲೆ ಪೊಲೀಸ್ ಆಕ್ಷನ್ ಆಯಿತು, ನಿಜಾಮರ ಆಳ್ವಿಕೆ ಮುಗಿಯಿತು. ಅದಕ್ಕೆ ಮುಂಚೆ ನಾವು ಬಾಗಿಲು ಹಾಕಿಕೊಂಡು ಕೂತಿದ್ದೆವು, ನಂತರ ಖಾಜಾಭಾಯಿಯವರ ಮಂದಿ ಹಾಕಿಕೊಂಡು ಕೂತರು. ಖಾಜಾಭಾಯಿಯ ನೌಕರಿ ಹೋಯಿತೆಂದು ಕೇಳಿದೆ. ಹೇಗಿದ್ದೀರಿ ಎಂದು ಕಾಗದ ಬರೆದೆ. ಅದು ಯಾರ ಕೈಗೆ ಸಿಕ್ಕು ಏನಾದೀತೋ ಎಂದು ಹೆದರಿ ಪೆಟ್ಟಿಗೆಯ ತಳಕ್ಕೆ ಸೇರಿಸಿದೆ. ಕೆಲವು ವರ್ಷಗಳ ಬಳಿಕ ಪಂದ್ಯ ಮತ್ತೆ ನಡೆಯುತ್ತದೆ ಎಂದಾಗ ನನಗೆ ಉಳಿದದ್ದು ಒಂದೇ ಚಿಂತೆ: ಖಾಜಾಭಾಯಿ ನಮ್ಮ ಮನೆಗೆ ಉಣ್ಣಲು ಬರುತ್ತಾರೋ, ಇಲ್ಲವೋ.

ಈ ಸಲ ಪಂದ್ಯ ನಡೆಸುವವನು 'ಎರಡು ಕೊಡೆ' ಮಾರ್ಕಿನ ಬೀಡಿಯ ಸೇಠ. ಅವನು ಹಾಕಿಯನ್ನು ಬೀಡಿಯಂತೆಯೇ ನೋಡಿದ: ಕಟ್ಟು ಕಟ್ಟಬೇಕು, ಮೇಲೆ ಚೀಟಿ ಅಂಟಿಸಬೇಕು. ಮೈದಾನಕ್ಕೆ ಹಗ್ಗ ಬಂತು, ಹಗ್ಗದೊಳಗೆ ಕುರ್ಚಿ ಬಂದವು, ಗೋಲು ಕಂಬಕ್ಕೆ ಬೀಡಿಯ ಬೋರ್ಡು ಬಂತು. ಉರ್ದು ಫಲಕಗಳೆಲ್ಲ ಕನ್ನಡವಾಗುತ್ತಿದ್ದ ದಿನಗಳು; ಓಣಿಯಲ್ಲಿ ಅಕ್ಷರ ದುಂಡಗಿದ್ದ ಮಾಸ್ತರ ನಾನೊಬ್ಬನೇ. ಆಟಗಾರರ ಅಂಗಿಗೆಲ್ಲ ಎರಡು ಕೊಡೆಯನ್ನೂ ಬೀಡಿಯ ಹೆಸರನ್ನೂ ಬರೆದುಕೊಡಿ ಎಂದ ಸೇಠ. ಆಟ ಕೆಟ್ಟುಹೋಯಿತೆಂದು ಓಣಿಯ ತುಂಬ ಗೊಣಗಿದ ನಾನು, ಒಂದು ಕುರ್ಚಿಯ ಪಾಸಿಗೆ ಕುಂಚ ಹಿಡಿದೆ. ಕೊಡೆ ವಾರೆಯಾದೀತೆಂದು ಎರಡು ದಿನ ಚಿಂತಿಸಿದೆ. ಎರಡೂ ತಂಡದ ಅಂಗಿ ಒಂದೇ ಥಾನಿನ ಬಟ್ಟೆ, ಒಂದೇ ಬಣ್ಣ ಎಂಬುದು ಮಾತ್ರ ಈ ಚಿಂತಾಮಣಿಗೆ ಹೊಳೆಯಲೇ ಇಲ್ಲ.

ಪಂದ್ಯದ ದಿನ ಹೆಂಡತಿ ಪುಂಡಿಪಲ್ಯ ಮಾಡಿ ಬಾಗಿಲಲ್ಲಿ ನಿಂತಳು. ಯಾರೂ ಬರಲಿಲ್ಲ. ಆಟಗಾರರಿಗೆ ಸೇಠನ ಡೇರೆಯಲ್ಲಿ ಬೋರ್ಡಿನ ಮುಂದೆ ಊಟ, ಫೋಟೋ ಎಂದು ಸುದ್ದಿ ಬಂತು. ರೊಟ್ಟಿ, ಪಲ್ಯದ ಡಬ್ಬಿ ಬಗಲಿಗಿಟ್ಟುಕೊಂಡು ಹೋಗಿ ನನ್ನ ಕುರ್ಚಿಯಲ್ಲಿ ಕಳ್ಳನಂತೆ ಕೂತೆ.

ಸೀಟಿ ಊದಿದ್ದೇ ತಡ, ಬೀದರದವರು ಭಾಲ್ಕಿಯವರಿಗೆ ಚೆಂಡು ಕೊಡತೊಡಗಿದರು, ಭಾಲ್ಕಿಯವರು ತಮ್ಮವರ ಕಾಲಿಗೇ ಕೋಲು ಹಾಕಿದರು. ಒಂದು ತಂಡ ಅಂಗಿ ತಿರುವಿ ಹಾಕಿಕೊಳ್ಳಲಿ ಎಂದ ರೆಫರಿ. ಹೆಸರು ಒಳಗ ಹೋದ್ರ ಯಾರು ಓದಬೇಕು ಎಂದ ಸೇಠ. ಆಗ ಖಾಜಾಭಾಯಿ ಅಂಗಿ ಕಳಚಿ ಹೆಗಲಿಗೆ ಹಾಕಿಕೊಂಡರು. ಉಳಿದ ಹತ್ತು ಮಂದಿಯೂ ಕಳಚಿದರು. ಭಾಲ್ಕಿಯವರ ಬನಿಯನ್ನಿಗೂ ಕಂಪನಿಗೂ ಯಾವ ಸಂಬಂಧವೂ ಇಲ್ಲವೆಂದು ಧ್ವನಿವರ್ಧಕ ಮೂರು ಸಲ ಸಾರಿತು.

ಅರ್ಧ ಆಟಕ್ಕೆ ಖಾಜಾಭಾಯಿ ನೇರ ನಾನಿದ್ದ ಹಗ್ಗದ ಬಳಿ ಬಂದರು. ತಲೆ ನರೆತಿತ್ತು.

"ರೊಟ್ಟಿ ತಂದೀರೋ ಮಾಸ್ತರ್, ಇಲ್ಲಾ ನೀವೂ ಸೇಠನ ಮಂದಿ ಆದ್ರೋ?"

ಡಬ್ಬಿ ಬಿಚ್ಚಿದೆ. ನಿಂತೇ ಒಂದು ರೊಟ್ಟಿ ಮುರಿದರು.

"ಒಂದು ಕಾಗದಾನೂ ಹಾಕಲಿಲ್ಲಲ್ರಿ."

"ಬರದಿದ್ದೆ. ಹಾಕಲಿಕ್ಕ ಧೈರ್ಯ ಆಗಲಿಲ್ಲ."

ಅವರು ರೊಟ್ಟಿಯಲ್ಲಿ ಪಲ್ಯ ಒತ್ತಿ ಬಾಯಿಗಿಟ್ಟರು. "ಪಲ್ಯಾ ಆರೇದ," ಎಂದರು. ಆಮೇಲೆ ಇನ್ನೊಂದು ರೊಟ್ಟಿ ತೆಗೆದುಕೊಂಡರು.

ಉಂಡ ಡಬ್ಬಿಯನ್ನು ಬರಿದಾಗಿ ಕೊಡಬಾರದಲ್ಲ. ಹೆಗಲ ಮೇಲಿನ ಅಂಗಿಯಲ್ಲಿ ಸುತ್ತಿ ಕೈಗಿಟ್ಟರು. ಇಡೀ ದ್ವಿತೀಯಾರ್ಧ ನಾನು ಸೇಠ ಕೊಟ್ಟ ಕುರ್ಚಿಯ ಮುಂದೆ ನಿಂತು ಭಾಲ್ಕಿ, ಭಾಲ್ಕಿ ಎಂದು ಕೂಗಿದೆ. ತಿರುಗಿ ನೋಡುವಷ್ಟರಲ್ಲಿ ಕುರ್ಚಿಯೇ ಮಾಯ. ಆ ಧೈರ್ಯಕ್ಕೆ ಫಲವೇನೂ ಸಿಗಲಿಲ್ಲ. ತಣ್ಣನೆಯ ಪುಂಡಿಪಲ್ಯ ಉಂಡ ಖಾಜಾಭಾಯಿಯನ್ನು ಎರಡು ಗೋಲು ದಾಟಿದವು; ಭಾಲ್ಕಿ ಸೋತಿತು.

ಇಂದು ಬೆಳಿಗ್ಗೆ ಈ ವಾಸನೆಯ ಗುಂಗಿನಲ್ಲಿ ನಾನಿರುವಾಗಲೇ ಚಹಾಪುಡಿಯ ಏಜೆಂಟನೊಬ್ಬ ಬಂದ. ಅವರದೂ ಒಂದು ಹಾಕಿ ಪಂದ್ಯವಂತೆ. ಅಂಗಿಗಳಿಗೆ ಕೆಟಲ್ ಬರೆಯಬೇಕಂತೆ. ಕೈ ನಡುಗುತ್ತದೆ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

"ಬರಿಯೋದಿಲ್ರಿ. ಆಟಗಾರರು ಯಾರರ ಉಣ್ಣಲಿಕ್ಕ ಬರ್ತಾರಂದ್ರ ಹೇಳ್ರಿ, ರೊಟ್ಟಿ ಮಾಡಸ್ತೇನಿ."

ಊಟ ಹೋಟೆಲಿನಲ್ಲಿ ಏರ್ಪಾಡಾಗಿದೆ ಎಂದು ಎದ್ದವನ ಕಣ್ಣು ಬುಟ್ಟಿಯ ಮೇಲೆ ಬಿತ್ತು. ವ್ಯಾಪಾರದ ಕಣ್ಣು; ಬಗ್ಗಿ ಅಣಬೆಯನ್ನು ನೋಡಿದ.

"ಇದು ಯಾವ ಕಂಪನಿದ್ರಿ?"

"ಕಂಪನಿದಲ್ರಿ," ಎಂದೆ. "ಭಾಲ್ಕಿ ಗೋಲ್‌ಕೀಪರಂದು."