ಅಡುಗೆಕಟ್ಟೆಯ ಕಲ್ಲಿನಲ್ಲಿ ಅರ್ಧ ಕೊಯ್ದ ತೂತು

ಅಂದು ಮನೆಯಲ್ಲಿ ನೀರಿತ್ತು. ತುಂಬಿದ ಎರಡು ಕೊಡ — ಇಲ್ಲವೆಂದವಳು ನಾನು.

ಆರು ವರ್ಷ ಬಚ್ಚಿಟ್ಟ ಮಾತಿದು. ಮೊನ್ನೆ ತೊಗರಿಬೇಳೆ ಆರಿಸುತ್ತ ಕೂತಿದ್ದೆ. ಯಜಮಾನರು ಚಪ್ಪಲಿ ಬಿಡುತ್ತಲೇ ಹೇಳಿದರು: “ಲಿಂಗಸುಗೂರಿನ ಕಲ್ಲಿನ ಅಂಗಡಿ ಸಾವಕಾರ್ರು ಫೋನ್ ಮಾಡಿದ್ರು. ರಫೀಕ ಅವರಲ್ಲಿ ಕೆಲಸ ಕೇಳ್ಯಾನಂತ, ಹೊಸಬರಿಗೆ ಕಲ್ಲು ಕೊಯ್ಯೋದು ಹೇಳಿಕೊಡಾಕ. ನಿಮ್ಮ ಮನ್ಯಾಗ ಕೆಲಸ ಮಾಡ್ಯಾನಲ್ಲ, ಹೆಂಗ ಅಂತ ಕೇಳಿದ್ರು. ಕಲ್ಲಿಗೆ ನೀರು ಬಿಡಬೇಕಂತ ಅಂವಗ ಗೊತ್ತಿಲ್ಲ, ಬ್ಯಾಡ್ರಿ ಅಂದೆ.”

ಗೊತ್ತಿತ್ತು ಅವನಿಗೆ. ನನಗಿಂತ ಚೆನ್ನಾಗಿ ಅದನ್ನು ಬಲ್ಲವರು ಯಾರು?

ಅಂದು ರಫೀಕ ನಮ್ಮ ಮಸ್ಕಿಯ ಮನೆಗೆ ನಳ ಕೂಡಿಸಲು ಬಂದಿದ್ದ. ಡ್ರಿಲ್ ಮಷಿನ್ನಿಗೆ ಸಿಕ್ಕಿಸಿ ದುಂಡಗೆ ತೂತು ಕೊಯ್ಯುವ, ಬಟ್ಟಲಿನಂಥ ಬಿಟ್ಟುಗಳು ಅವನ ಚೀಲದಲ್ಲಿದ್ದವು. ಹಲ್ಲಿನ ಬಿಟ್ಟಿನಿಂದ ಬಾಗಿಲಿಗೆ ಕೀಲಿಯ ತೂತು ಕೊಯ್ದ. ಹಿತ್ತಲಿನ ತಗಡಿಗೆ ಬೇರೆ ಬಿಟ್ಟು ಹಾಕಿ, ಎಣ್ಣೆ ಬಿಡುತ್ತ ಸಾವಕಾಶ ಕೊಯ್ದ. ಕೊನೆಗೆ ಅಡುಗೆಕಟ್ಟೆಯ ಕಲ್ಲು.

“ಅಕ್ಕಾರ, ಇದಕ್ಕ ಮಾತ್ರ ನೀರು ಬೇಕ್ರಿ. ಮುದಗಲ್ ಕಡೆ ಕಲ್ಲು, ಬಾಯಾರಿದ್ರ ಕಚ್ಚತದ,” ಎಂದು ನಕ್ಕ.

ಮರುದಿನ ಸೋಮವಾರ. ಲಿಂಗಪೂಜೆಗೆಂದು ಮಡಿಯಲ್ಲಿ ತುಂಬಿಟ್ಟ ನೀರು ದೇವರಕೋಣೆಯಲ್ಲಿತ್ತು. ಅವನ ಕೈ ಆ ಕೊಡಗಳಿಗೆ ತಾಗಬಾರದು — ಇಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ನಾನೇ ಚೆಂಬಿನಿಂದ ಹಾಕಬಹುದಿತ್ತಲ್ಲ — ಅದೂ ಹೊಳೆಯಲಿಲ್ಲ.

“ನೀರಿಲ್ಲಪ್ಪಾ, ಓಣಿ ನಳ ಬಂದು ನಾಕು ದಿನ ಆತು,” ಎಂದೆ.

“ಹಂಗಾದ್ರ ನಾಡಿದ್ದು ಬರ್ತೀನ್ರಿ.”

ನಾನು ಬಿಡಲಿಲ್ಲ. ಸೋಮವಾರಕ್ಕೆ ಮನೆ ಸ್ವಚ್ಛ ಇರಬೇಕು, ಇವತ್ತೇ ಮುಗಿಸು ಎಂದು ಗಂಟುಬಿದ್ದೆ. ಅವನು ತಡೆತಡೆದು, ಕಾದ ಬಿಟ್ಟನ್ನು ತಣಿಸಿ ತಣಿಸಿ ಕೊಯ್ದ. ತೂತು ಅರ್ಧವಾಗಿತ್ತು — ಬಿಟ್ಟು ಕಲ್ಲಿನಲ್ಲಿ ಕಚ್ಚಿಕೊಂಡು ನಿಂತಿತು, ಮಷಿನ್ನು ತಿರುಗಿತು, ಅದರ ಜೊತೆ ಅವನ ಬಲ ಮಣಿಕಟ್ಟೂ.

ಓಡಿಬಂದ ಯಜಮಾನರು ಅವನ ಕೈಗೆ ಹಾಕಲು ದೇವರಕೋಣೆಯ ಒಂದು ಕೊಡ ಎತ್ತಿ ತಂದರು. “ನೀರು ಇಲ್ಲೇ ಐತಲ್ಲೋ! ಒಣಾ ಕಲ್ಲು ಯಾಕ ಕೊಯ್ದಿ?”

“ಅಕ್ಕಾರು ಇಲ್ಲ ಅಂದ್ರು…”

ಅವರು ನನ್ನತ್ತ ತಿರುಗಿದರು. ನಾನು ಹೇಳಿದೆ — “ಅಂವ ನನ್ನ ಕೇಳೇ ಇಲ್ಲರೀ.”

ರಫೀಕ ಎಡಗೈಯಿಂದ ಬಲಗೈ ಹಿಡಿದುಕೊಂಡು ಹೊರಗೆ ನಡೆದ. ಸಿಂಧನೂರಿನ ದವಾಖಾನೆಯಲ್ಲಿ ಕೈಯೊಳಗೆ ಸರಳು ಹಾಕಿದರು. ಹಿಡಿತ ಮಾತ್ರ ಬರಲಿಲ್ಲ. ಊರಲ್ಲಿ ಅವನಿಗೆ ಕೆಲಸ ಬಾರದವನೆಂಬ ಹೆಸರು ಬಂತು. ನಾನು ದೇವರ ಮುಂದೆ ಕೂತು ದಯೆಗಳನ್ನು ಎಣಿಸಿದೆ — ಕಣ್ಣಿಗೆ ಬಡಿಯಲಿಲ್ಲ, ಎಡಗೈ ಉಳಿಯಿತು, ನಮ್ಮ ಪೂಜೆ ತಪ್ಪಲಿಲ್ಲ… ಎಂಥ ಎಣಿಕೆ.

ಮೊನ್ನೆ ಬೇಳೆಯ ಮೊರ ಕೆಳಗಿಟ್ಟು ಹೇಳಿಬಿಟ್ಟೆ: “ಅಂವ ನೀರು ಕೇಳಿದ್ದ ರೀ. ನಾನ ಸುಳ್ಳಾಡಿದೆ. ಸಾವಕಾರ್ರಿಗೆ ಫೋನ್ ಹಚ್ರಿ.”

ಯಜಮಾನರು ಬಾಗಿಲು ಮುಂದೆ ಮಾಡಿದರು. “ಏನಂತ ಹೇಳ್ಲಿ? ನನ್ನ ಹೇಣ್ತಿ ಸುಳ್ಳಾಡ್ಯಾಳ ಅಂತಲೋ? ಅವರು ಇಷ್ಟೊತ್ತಿಗೆ ಬ್ಯಾರೆಯವನ್ನ ಇಟ್ಟುಕೊಂಡಿರ್ತಾರ. ಈ ಮಾತು ಹೊಸ್ತಿಲ ದಾಟಬಾರದು.”

ಫೋನು ಮೂಲೆಯ ಗೂಡಿನಲ್ಲೇ ಬಿಟ್ಟು ಅವರು ಮಲಗಲು ಹೋದರು. ಸಾವಕಾರರ ನಂಬರು ಅದರಲ್ಲಿತ್ತು. ನನಗೆ ಹಚ್ಚಲು ಬರುತ್ತದೆ. ಕೈಗೆ ತೆಗೆದುಕೊಂಡೆ ಕೂಡ —

ಹಚ್ಚಲಿಲ್ಲ. ಆರು ವರ್ಷದ ಹಿಂದೆ ಮಡಿಯ ನೆಪವಾದರೂ ಇತ್ತು. ಮೊನ್ನೆ ಅದೂ ಇರಲಿಲ್ಲ. ಯಾರಿಂದಲೂ, ದೇವರಿಂದಲೂ, ನಾನು ಇದಕ್ಕೆ ಕ್ಷಮೆ ಬೇಡಲಾರೆ.

ಫೋನನ್ನು ಗೂಡಿನಲ್ಲಿಟ್ಟು, ಸೂಜಿಗೆ ದಾರ ಪೋಣಿಸಿಕೊಂಡು, ಯಜಮಾನರ ಅಂಗಿಯ ಕಿತ್ತ ಗುಂಡಿ ಹಚ್ಚಲು ಕೂತೆ.