ಫ್ರಿಜ್ಜಿನ ಮೇಲಿನ ಬಿಳಿ ನರಿ

ಬೆಳಗಿನ ಮಸುಕು ಬೆಳಕಿನಲ್ಲಿ, ಕೊಲ್ಲಿ ನಾಡಿನ ನಿಜ್ವಾ ಊರಿನ ನಮ್ಮ ಮನೆಯೆದುರಿನ ಖರ್ಜೂರದ ತೋಟದ ಮಣ್ಣಿನ ಗೋಡೆ ಮೇಲೆ ನರಿಯೊಂದು ನಿಂತಿತ್ತು. ಮರಳಿನದೇ ಬಣ್ಣ, ಮುಖಕ್ಕಿಂತ ದೊಡ್ಡವೆನಿಸುವ ಕಿವಿ. ಕನಸಿನಲ್ಲಿ ಬಂದಂತೆ ಅಲುಗಾಡದೆ ನಿಂತಿತ್ತು. ಕಾರಿನ ಬಾಗಿಲಿಗೆ ಕೈ ಹಾಕಿದ್ದ ನಮ್ಮ ಯಜಮಾನರೂ ಹಾಗೇ ನಿಂತುಬಿಟ್ಟರು.

ಒಂದು ತಿಂಗಳಿಂದ ಅವರು ಎದ್ದ ಕೂಡಲೇ ಅಡುಗೆಮನೆಗೆ ಬಂದು ನರಿ ಮುಖ ನೋಡುತ್ತಿದ್ದರು. ಮಗಳು ಶಾಲೆಯ ಪ್ರಾಜೆಕ್ಟಿಗೆಂದು ಬಿಡಿಸಿ ಫ್ರಿಜ್ಜಿಗೆ ಅಂಟಿಸಿದ್ದ ಹಿಮದ ನರಿ ಅದು. ಹಾಲಿನಷ್ಟು ಬಿಳಿ, ಪುಟ್ಟ ಕಿವಿ, ಬಾಲವನ್ನೇ ಕಂಬಳಿಯಂತೆ ಸುತ್ತಿಕೊಂಡು ಕೂತಿತ್ತು. ಬೆಳಿಗ್ಗೆ ನರಿ ಮುಖ ನೋಡಿದರೆ ಹಿಡಿದ ಕೆಲಸ ಆಗುತ್ತದೆಂದು ಬಾಗಲಕೋಟೆಯ ಅವರಜ್ಜಿ ಹೇಳುತ್ತಿದ್ದರಂತೆ. ಕಂಪನಿಯವರು ಕಾಂಟ್ರ್ಯಾಕ್ಟ್ ಮುಂದುವರಿಸುತ್ತಾರೋ ಇಲ್ಲವೋ ಎಂಬುದು ಅವತ್ತೇ ತಿಳಿಯುವುದಿತ್ತು.

ಶಾಲೆಯ ಬ್ಯಾಗ್ ಹೊತ್ತು ಬಂದ ಮಗಳು ಪಿಸುಗುಟ್ಟಿದಳು: “ಅಪ್ಪಾ, ಸಮ್ಮರ್ ಬಂತಲ್ಲ, ನಮ್ಮ ನರಿ ಕೋಟ್ ಚೇಂಜ್ ಮಾಡೈತಿ!”

ಬೇಸಿಗೆಯಲ್ಲಿ ಹಿಮದ ನರಿಯ ಬಿಳಿ ತುಪ್ಪಳ ಉದುರಿ ಮೈ ಕಂದಾಗುತ್ತದೆಂದು ಅವಳೇ ನಮಗೆ ಕಲಿಸಿದ್ದಳು. ಗೋಡೆಯ ಮೇಲಿನ ನರಿ ನಮ್ಮ ಮೂವರನ್ನೂ ನಿಧಾನವಾಗಿ ನೋಡಿ, ಸದ್ದಿಲ್ಲದೆ ತೋಟದೊಳಗೆ ಕರಗಿಹೋಯಿತು. ಯಜಮಾನರು ಶಿಳ್ಳೆ ಹಾಕುತ್ತಾ ಕಾರು ಹತ್ತಿದರು.

ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ಊರಿಗೆ ಹೊರಡಲು ಸಾಮಾನು ಕಟ್ಟುವಾಗ, ಶುಭಶಕುನವಂತೆ, ಎಂದು ಸಿಟ್ಟಿನಿಂದ ಆ ಚಿತ್ರವನ್ನು ಕಿತ್ತೆ. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಸೂಟ್‌ಕೇಸಿನಲ್ಲಿ ಅಂಗಿಗಳ ನಡುವೆ ಇಟ್ಟರು. “ಅದರ ಮ್ಯಾಲೆ ಯಾಕ ಸಿಟ್ಟು? ಕಾಲ ಬದಲಾತು ಅಂತ ಹೇಳಾಕ ಬಂದಿತ್ತದು.”